ಬಣ್ಣ ಬದಲಿಸದ ಊಸರವಳ್ಳಿ: ದಹಿಸರ್ ನಾಕಾದಲ್ಲೊಂದು ಕಾಲ್ಪನಿಕ ಸಂದರ್ಶನ

ಊಸರವಳ್ಳಿ ಬಣ್ಣ ಬದಲಿಸುತ್ತದೆ ಎಂದು ಬೈಯುವುದು ನಮ್ಮಲ್ಲಿ ರೂಢಿ. ಬಣ್ಣ ಬದಲಿಸಲೇ ಇಲ್ಲ ಎಂದು ಬೈಸಿಕೊಂಡ ಊಸರವಳ್ಳಿ ಲೋಕದಲ್ಲಿ ಒಂದೇ ಇರಬೇಕು. ಹೆಸರು ಯೂಕಾ. ಜೊತೆಗಿರುವ ನೇರಳೆ ಬಣ್ಣದ ಬಾವಲಿ ಲೇಲಿ. ಎರಡೂ ಸೇರಿದರೆ ‘ಯೂಕಾ-ಲೇಲಿ’ ಎಂಬ ವಿಡಿಯೊ ಗೇಮ್: ದಿಬ್ಬದಿಂದ ದಿಬ್ಬಕ್ಕೆ ಜಿಗಿಯುತ್ತ, ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತ ಸಾಗುವ, ಮಾರಿಯೊ ಕುಲದ ಆಟ. 2015ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಲೇಟಾನಿಕ್ ಎಂಬ ಪುಟ್ಟ ಕಂಪನಿ, ಜನರಿಂದ ದುಡ್ಡು ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಜೋಳಿಗೆ ಹಿಡಿದು 1,75,000 ಪೌಂಡ್ ಕೇಳಿತು. ಗಂಟೆ ತುಂಬುವ ಮೊದಲೇ ಅಷ್ಟೂ ಬಂತು. ಜೋಳಿಗೆ ಮಡಿಸುವ ಹೊತ್ತಿಗೆ 73,000ಕ್ಕೂ ಹೆಚ್ಚು ಜನ ಸೇರಿ ಸುಮಾರು 21 ಲಕ್ಷ ಪೌಂಡ್ ಹಾಕಿದ್ದರು. 2017ರ ಏಪ್ರಿಲ್ 11ಕ್ಕೆ ಆಟ ಹೊರಬಂತು. ವಿಮರ್ಶಕರ ಅಂಕಗಳ ಸರಾಸರಿ ನೂರಕ್ಕೆ ಎಪ್ಪತ್ತರ ಆಚೀಚೆ ನಿಂತಿತು. ಆ ಸರಾಸರಿಯ ಹೊಟ್ಟೆಯೊಳಗೆ ಬೆನ್ನು ತಟ್ಟಿದವರೂ ಇದ್ದರು, ಹತ್ತಕ್ಕೆ ಎರಡು ಕೊಟ್ಟು ಕಳಿಸಿದವರೂ ಇದ್ದರು.

ಸಂದರ್ಶನಕ್ಕೆ ದಹಿಸರ್ ಆಯ್ಕೆಯಾದದ್ದಕ್ಕೆ ಎರಡು ಕಾರಣ. ಬಾವಲಿಯ ದೂರದ ನೆಂಟರು ಪಕ್ಕದ ಸಂಜಯ ಗಾಂಧಿ ಉದ್ಯಾನದ ಕಾನ್ಹೇರಿ ಗುಹೆಗಳಲ್ಲಿದ್ದಾರೆ, ಇಳಿದುಕೊಳ್ಳುವ ಖರ್ಚಿಲ್ಲ. ಇನ್ನೊಂದು, ಇಲ್ಲಿಯ ಜಕಾತಿ ನಾಕಾ. ಮುಂಬಯಿ ಪಾಲಿಕೆಯ ಉತ್ತರದ ಅಂಚಿನಲ್ಲಿ ಲಾರಿ ನಿಲ್ಲಿಸಿ, ಮಾಲಿನ ಮೌಲ್ಯ ಕಟ್ಟಿ, ತೆರಿಗೆ ಕಿತ್ತುಕೊಂಡು ಒಳಗೆ ಬಿಡುತ್ತಿದ್ದ ಜಾಗ. ಆಟ ಬಿಡುಗಡೆಯಾದ ಏಪ್ರಿಲ್‌ನಲ್ಲಿ ಅದಕ್ಕಿನ್ನೂ ಜೀವವಿತ್ತು. ಜುಲೈ 1ಕ್ಕೆ ಜಿಎಸ್‌ಟಿ ಬಂದು ಬಾಗಿಲು ಹಾಕಿಸಿತು. (ಅಂತರ್ಜಾಲದಿಂದ ಇಳಿಸಿಕೊಂಡ ಆಟಕ್ಕೆ ಜಕಾತಿ ಕಟ್ಟಿದವರು ಯಾರೂ ಇಲ್ಲ ಎನ್ನುವುದು ಬೇರೆ ಮಾತು.) ವಿಮರ್ಶಕ ಮಾಡುವುದೂ ನಾಕಾದ ಗುಮಾಸ್ತನ ಕೆಲಸವನ್ನೇ. ಅವನು ನೋಡುವುದು ಲಾರಿಯೊಳಗಿನ ಮಾಲನ್ನು, ಮಾಲು ತರಿಸಿಕೊಂಡವನ ಬಾಲ್ಯವನ್ನಲ್ಲ.

ಪ್ರಶ್ನೆ: ಈ ಮಾತಿಗೆ ನೀವು ಮುಖ ಸಿಂಡರಿಸುತ್ತಿದ್ದೀರಿ.

ಯೂಕಾ: ಸಿಂಡರಿಸದೆ ಏನು ಮಾಡಲಿ? ನನ್ನನ್ನು ಮಾಡಿದವರಲ್ಲಿ ಹಲವರು ಹಿಂದೆ ರೇರ್ ಕಂಪನಿಯಲ್ಲಿದ್ದವರು. 1998ರಲ್ಲಿ ನಿಂಟೆಂಡೊ 64ಕ್ಕೆ ‘ಬ್ಯಾಂಜೊ-ಕಝೂಯಿ’ ಬಂತಲ್ಲ, ಕರಡಿಯ ಬೆನ್ನಚೀಲದಲ್ಲಿ ಹಕ್ಕಿ ಕೂತ ಆಟ, ಅದನ್ನು ಕಟ್ಟಿದ ಕೈಗಳು. 2002ರಲ್ಲಿ ರೇರ್ ಅನ್ನು ಮೈಕ್ರೋಸಾಫ್ಟ್ ಕೊಂಡುಕೊಂಡ ಮೇಲೆ ಆ ಬಗೆಯ ಆಟಗಳು ವಿರಳವಾದವು. ಜನ ಹಂಬಲಿಸಿದರು. ಇವರು ‘ಮತ್ತೆ ಮಾಡುತ್ತೇವೆ’ ಎಂದರು. ಹಳೆಯ ಸಂಗೀತಗಾರರಾದ ಗ್ರಾಂಟ್ ಕರ್ಕ್‌ಹೋಪ್, ಡೇವಿಡ್ ವೈಸ್ ಅವರನ್ನೂ ಕರೆತಂದರು. ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟದ್ದಕ್ಕೆ ‘ಇದು ಹಳತು’ ಎಂದು ಗುಮಾಸ್ತ ಷರಾ ಬರೆದ. ಹಳತು ಬೇಕೆಂದು ತಾನೇ ಆರ್ಡರ್ ಕೊಟ್ಟದ್ದು?

ಲೇಲಿ: ಆ ಗುಮಾಸ್ತ ಒಂದು ಪೌಂಡ್ ಕೂಡ ಹಾಕಿರಲಿಲ್ಲ, ಅದನ್ನೂ ಬರೆದುಕೊಳ್ಳಿ.

ಪ್ರಶ್ನೆ: ಬರೆದುಕೊಂಡೆ. ಆದರೆ ಅವನು ಬರೆದದ್ದು ದುಡ್ಡು ಹಾಕಿದ 73,000 ಜನರಿಗಲ್ಲ. ಅವರ ಕೈಗೆ ಆಟ ಹೇಗೂ ಬರುವುದಿತ್ತು. ಅಂಗಡಿಯ ಮುಂದೆ ನಿಂತು ‘ಕೊಳ್ಳಲೋ ಬೇಡವೋ’ ಎನ್ನುವವನಿಗಾಗಿ ಬರೆದದ್ದು. ಜೋಳಿಗೆಯ ಕರಾರಿಗೆ ಅವನು ರುಜು ಹಾಕಿಲ್ಲ. ಅವನ ಮುಂದೆ ಒಪ್ಪಂದ ಪಾಲಿಸಿದ ಪ್ರಾಮಾಣಿಕತೆಯನ್ನು ಗುಣವೆಂದು ತೋರಿಸುವಂತಿಲ್ಲ, ಅದು ನಿಮ್ಮ ನಿಮ್ಮೊಳಗಿನ ವ್ಯವಹಾರ. ಹಾಗಾಗಿ ವಿಮರ್ಶೆ ಇಬ್ಭಾಗವಾದದ್ದು ಅಭಿರುಚಿಯ ಜಗಳದಿಂದ ಎಂದು ನನಗೆ ಅನ್ನಿಸುವುದಿಲ್ಲ. ಕೆಲವರು ವಾಗ್ದಾನ ಈಡೇರಿತೇ ಎಂದು ನೋಡಿದರು, ಕೆಲವರು ಆಟ ಚೆನ್ನಾಗಿದೆಯೇ ಎಂದು ನೋಡಿದರು. ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಕೂಡಿ ಭಾಗಿಸಿದರೆ ಎಪ್ಪತ್ತು ಚಿಲ್ಲರೆ ಬರುತ್ತದೆ. ಆ ಅಂಕಿಯಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರವಿಲ್ಲ.

ಯೂಕಾ: ಅಂದರೆ ವಾಗ್ದಾನವನ್ನಂತೂ ನಾವು ಉಳಿಸಿಕೊಂಡೆವು ಎಂದು ಒಪ್ಪಿದಿರಿ.

ಪ್ರಶ್ನೆ: ಅಲ್ಲೇ ಇರುವುದು ತಕರಾರು. ಆಟವನ್ನು ತೋರಿಸುವ ನಿಮ್ಮ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಇಕ್ಕಟ್ಟಾದ ಮೂಲೆಗೆ ನೀವು ನುಗ್ಗಿದರೆ ಅದು ಗೋಡೆಗೆ ತಾಗಿ ತಡಬಡಾಯಿಸುತ್ತದೆ. ಜಿಗಿಯಬೇಕಾದ ಗಳಿಗೆಗೆ ಸರಿಯಾಗಿ ಕಾಲಡಿಯ ನೆಲವೇ ಮರೆಯಾಗುತ್ತದೆ. ಕೈಯಲ್ಲಿ ತಿರುಗಿಸಲು ಹೋದರೆ ಕೆಲವೆಡೆ ತನ್ನದೇ ಹಟ ಹಿಡಿಯುತ್ತದೆ. ಮಾತುಕತೆಯೂ ಹಾಗೆಯೇ. ಪಾತ್ರಗಳು ಮಾತಾಡುವುದಿಲ್ಲ, ಗೊರಗೊರ ಎನ್ನುತ್ತವೆ. ಅಕ್ಷರಗಳು ಒಂದೊಂದಾಗಿ ತೆರೆಯ ಮೇಲೆ ಬೀಳುವ ತನಕ ಆಟಗಾರ ಗುಂಡಿ ಒತ್ತುತ್ತ ಕೂರಬೇಕು. 1998ರಲ್ಲಿ ಇದೆಲ್ಲ ಇತ್ತು, ನಿಜ. ಮೂರು ಆಯಾಮದ ಆಟವನ್ನು ಹೇಗೆ ತೋರಿಸುವುದು ಎಂದು ಎಲ್ಲರೂ ಆಗಷ್ಟೇ ಕಲಿಯುತ್ತಿದ್ದರು, ಯಂತ್ರದ ತಾಕತ್ತೂ ಅಷ್ಟೇ ಇತ್ತು. ಆದರೆ ಹದಿನೇಳು ವರ್ಷದ ನಂತರ ಜೋಳಿಗೆಗೆ ದುಡ್ಡು ಹಾಕಿದವನ ತಲೆಯಲ್ಲಿದ್ದ ಆಟದಲ್ಲಿ ಆ ಕ್ಯಾಮೆರಾ ಇರಲಿಲ್ಲ. ನೆನಪು ಅದನ್ನು ಯಾವತ್ತೋ ಕತ್ತರಿಸಿ ಎಸೆದಿತ್ತು. ಉಳಿದದ್ದು ಹಾಡು, ಬಣ್ಣ, ಗುಟ್ಟಿನ ಗುಹೆ ಸಿಕ್ಕಿದಾಗಿನ ಖುಷಿ. ಅವನು ಮುಂಗಡ ಕೊಟ್ಟದ್ದು ಸಂಕಲನಗೊಂಡ ಪ್ರತಿಗೆ. ನೀವು ಕಳಿಸಿದ್ದು ಕತ್ತರಿ ಕಾಣದ ಮೂಲಪ್ರತಿ.

ಲೇಲಿ: ಜನರ ತಲೆಯೊಳಗಿನ ಕತ್ತರಿ ನಮಗೆ ಹೇಗೆ ಕಾಣಬೇಕು? ಬಾವಲಿ ನಾನು, ನನಗೆ ಎದುರಿನ ಗೋಡೆ ಗೊತ್ತಾದರೆ ಅದೇ ದೊಡ್ಡದು.

ಪ್ರಶ್ನೆ: ನಿಮ್ಮ ಕ್ಯಾಮೆರಾಗೆ ಅದೂ ಗೊತ್ತಾಗಲಿಲ್ಲ. ಆದರೆ ಆ ಕತ್ತರಿಯನ್ನು ಕಂಡವರಿದ್ದಾರೆ. 2013ರಲ್ಲಿ ಇದೇ ಕಿಕ್‌ಸ್ಟಾರ್ಟರ್‌ನಲ್ಲಿ 75,000 ಡಾಲರ್ ಕೇಳಿ ಮೂರು ಲಕ್ಷಕ್ಕೂ ಮಿಕ್ಕಿ ಪಡೆದ ‘ಶವೆಲ್ ನೈಟ್’ ನೋಡಿ. ಎಂಬತ್ತರ ದಶಕದ ಎಂಟು ಬಿಟ್ ಆಟದಂತೆ ಕಾಣುತ್ತದೆ, ಆದರೆ ಕಾಣುವುದಷ್ಟೇ. ಹಳೆಯ ಯಂತ್ರದಲ್ಲಿ ಒಂದೇ ಸಾಲಿನಲ್ಲಿ ಹೆಚ್ಚು ಗೊಂಬೆಗಳು ಬಂದರೆ ಮಿಣಮಿಣ ಮಿನುಗುತ್ತಿದ್ದವು. ಇವರು ಅದನ್ನು ಬಿಟ್ಟರು. ತೆರೆಯನ್ನು ಇಂದಿನ ಟಿವಿಯಷ್ಟು ಅಗಲ ಮಾಡಿದರು. ಆ ಯಂತ್ರದ ಬಣ್ಣಗಳು ಸಾಲದ ಕಡೆ ಇನ್ನಷ್ಟು ಬಣ್ಣ ಸೇರಿಸಿದರು. ಮೂರು ಜೀವ ಮುಗಿದರೆ ಮೊದಲಿಂದ ಎನ್ನುವ ಶಿಕ್ಷೆ ತೆಗೆದು, ಸತ್ತಲ್ಲಿ ಬಿದ್ದ ಚಿನ್ನವನ್ನು ಮರಳಿ ಹೋಗಿ ಹೆಕ್ಕಿಕೊಳ್ಳಿ ಎಂದರು. ಹಳೆಯದಕ್ಕೆ ಇಷ್ಟೆಲ್ಲ ಮೋಸ ಮಾಡಿದ ಆಟವನ್ನೇ ಜನ ‘ಅಪ್ಪಟ ಹಳೆಯದು’ ಎಂದು ಅಪ್ಪಿಕೊಂಡರು, ವಿಮರ್ಶಕರೂ ಒಟ್ಟಾಗಿ ಹೊಗಳಿದರು.

ಯೂಕಾ: ಹಾಗಿದ್ದರೆ ‘ಮೈಟಿ ನಂಬರ್ 9’? ಹಳೆಯ ‘ಮೆಗಾ ಮ್ಯಾನ್’ ಆಟದ ಕೀಜಿ ಇನಾಫುನೆ ಮಾಡಿದ್ದು. ಕಿಕ್‌ಸ್ಟಾರ್ಟರ್ ಒಂದರಲ್ಲೇ 38 ಲಕ್ಷ ಡಾಲರ್ ಬಂತು. ಅವರು ಹಳೆಯದನ್ನು ಹಾಗೇ ಇಡದೆ ಹೊಸದು ಬೆರೆಸಿದರು. 2016ರಲ್ಲಿ ಅವರಿಗೆ ಬಿದ್ದ ಏಟು ನಮ್ಮದಕ್ಕಿಂತ ಜೋರು. ನಿಮ್ಮ ವಾದ ಅಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಇದು ಗಟ್ಟಿ ಆಕ್ಷೇಪ. ಹಳೆಯದಕ್ಕೆ ಕತ್ತರಿ ಹಾಕಿದವರೆಲ್ಲ ಗೆಲ್ಲುತ್ತಾರೆ ಎಂದು ನಾನು ಹೇಳಿದರೆ ಅದು ತಪ್ಪು. ಅವರು ಎಸೆದದ್ದು ಏನನ್ನು ಎಂದು ನೋಡಬೇಕು. ಜನರ ನೆನಪಿನಲ್ಲಿ ಉಳಿದಿದ್ದ ಚುರುಕು ಚಿತ್ರ, ಹದವಾದ ಜಿಗಿತ, ಇವೇ ಅಲ್ಲಿ ಕಳೆದುಹೋಗಿ ಮೊಂಡು ಮೊಂಡಾದ ಮೂರು ಆಯಾಮದ ದೃಶ್ಯಗಳು ಬಂದವು. ದಿನಾಂಕ ಮತ್ತೆ ಮತ್ತೆ ಮುಂದೆ ಹೋಯಿತು. ದುಡ್ಡು ಹಾಕಿದವರ ಹೆಸರು ಮಾತ್ರ ಒಂದೂ ಬಿಡದೆ ಬಂತು: ಕೊನೆಯ ಕೃತಜ್ಞತೆಯ ಪಟ್ಟಿ ಉರುಳಿ ಮುಗಿಯಲು ಹತ್ತಿರಹತ್ತಿರ ನಾಲ್ಕು ಗಂಟೆ. ಆಟ ಮುಗಿಸಲು ಅಷ್ಟು ಹೊತ್ತು ಬೇಡ ಎಂದು ಆಡಿದವರು ನಕ್ಕರು. ಅವರು ಬೇಕಾದದ್ದನ್ನು ಬಿಟ್ಟರು, ನೀವು ಬೇಡದ್ದನ್ನು ಇಟ್ಟುಕೊಂಡಿರಿ.

ಲೇಲಿ: ಒಟ್ಟಿನಲ್ಲಿ ಜನರ ದುಡ್ಡು ಮುಟ್ಟಬಾರದು ಅನ್ನಿ. ದೊಡ್ಡ ಕಂಪನಿಗಳು ಹೇಳುವುದೂ ಅದನ್ನೇ.

ಪ್ರಶ್ನೆ: ಖಂಡಿತ ಅಲ್ಲ. ಇದೇ ಮುಂಬಯಿಯಲ್ಲಿ ನೆಲೆಸಿದ್ದ ಶ್ಯಾಮ್ ಬೆನಗಲ್ 1976ರಲ್ಲಿ ‘ಮಂಥನ್’ ಮಾಡಿದಾಗ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದರು. ನಮ್ಮ ಗಿರೀಶ ಕಾರ್ನಾಡರು ಡಾಕ್ಟರ್ ರಾವ್ ಆದ ಚಿತ್ರ. ಕನ್ನಡದಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ 2013ರಲ್ಲಿ ಬಂದದ್ದೂ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಜನ ಸೇರಿಸಿದ ಅರ್ಧ ಕೋಟಿಯಷ್ಟು ದುಡ್ಡಿನಲ್ಲಿ. ಆ ರೈತರಾಗಲಿ ಈ ಪ್ರೇಕ್ಷಕರಾಗಲಿ ಹಿಂದೆ ನೋಡಿದ ಚಿತ್ರವನ್ನೇ ಮತ್ತೆ ತೋರಿಸಿ ಎಂದು ಹಾಕಿದ ದುಡ್ಡಲ್ಲ ಅದು. ಹೋಲಿಸಿ ನೋಡಲು ಅವರ ಬಳಿ ಹಳೆಯ ಪ್ರತಿ ಇರಲಿಲ್ಲ, ನಿರ್ದೇಶಕನ ಕೈಯೂ ಕಟ್ಟಿರಲಿಲ್ಲ. ಜನರ ದುಡ್ಡು ತೊಡಕಾಗುವುದು ಅದರ ಜೊತೆ ಒಂದು ನಿರ್ದಿಷ್ಟ ನೆನಪೂ ಕಟ್ಟಿಕೊಂಡು ಬಂದಾಗ. ಆಗ ಮಾಡುವವನು ಯಜಮಾನನ ಮಾತು ಕೇಳಬೇಕೋ, ಯಜಮಾನ ಹೇಳದೆ ಬಿಟ್ಟದ್ದನ್ನು ಊಹಿಸಬೇಕೋ ಎಂಬ ಇಕ್ಕಟ್ಟು. ಊಹಿಸಬೇಕು ಎನ್ನುವುದೇ ನನ್ನ ಪಕ್ಷ. ಸಂಬಳ ಸಿಗುವುದೇ ಆ ಊಹೆಗೆ.

ಯೂಕಾ: ಇದಕ್ಕೆ ಪುರಾವೆ? ನೆನಪು ಕತ್ತರಿಸುತ್ತದೆ ಎನ್ನುವುದು ನಿಮ್ಮ ಕಾವ್ಯ ಇರಬಹುದು.

ಪ್ರಶ್ನೆ: ಪುರಾವೆ ನೀವೇ ಒದಗಿಸಿದ್ದೀರಿ. ಬಿಡುಗಡೆಯಾದ ಮೇಲೆ ಪ್ಲೇಟಾನಿಕ್ ತಿದ್ದುಪಡಿ ತಂದಿತು: ಕ್ಯಾಮೆರಾ ಸುಧಾರಿಸಿತು, ಗೊರಗೊರವನ್ನು ಕಡಿಮೆ ಮಾಡುವ, ಮಾತು ಹಾರಿಸಿ ಮುಂದೆ ಹೋಗುವ ದಾರಿ ಕೊಟ್ಟಿತು. 2019ರಲ್ಲಿ ನಿಮ್ಮದೇ ಮುಂದಿನ ಆಟ ‘ಇಂಪಾಸಿಬಲ್ ಲೇರ್’ ಮಾಡುವಾಗ ಬಹುಪಾಲು ಆಟವನ್ನು ಪಕ್ಕದಿಂದ ನೋಡುವ ರೀತಿಗೆ ಹೊರಳಿಸಿದ್ದರಿಂದ ಆ ಕ್ಯಾಮೆರಾದ ಕಾಟವೇ ತಪ್ಪಿತು. ವಿಮರ್ಶಕರೂ ಹೆಚ್ಚು ಒಲಿದರು. ಆಮೇಲೆ ಮೊದಲ ಆಟವನ್ನೇ ‘ಯೂಕಾ-ರೀಪ್ಲೇಲಿ’ ಎಂದು ತಿದ್ದಿ ಕಟ್ಟಲು ಕೂತರು: ಹೊಸ ಕ್ಯಾಮೆರಾ, ದಾರಿ ತೋರುವ ನಕ್ಷೆ. ವಾಗ್ದಾನ ಪೂರ್ತಿ ಈಡೇರಿತ್ತು ಎನ್ನುವುದಾದರೆ ಅದನ್ನು ಮತ್ತೊಮ್ಮೆ ಈಡೇರಿಸಲು ಯಾಕೆ ಹೊರಟಿರಿ?

ಯೂಕಾ: (ತುಸು ಹೊತ್ತು ಸುಮ್ಮನಿದ್ದು) ನಮ್ಮ ಕಥೆಯ ಖಳನನ್ನು ಯಾರೂ ಹೊಗಳಲಿಲ್ಲವಲ್ಲ, ಅದು ನನ್ನ ಕೊರಗು. ಕ್ಯಾಪಿಟಲ್ ಬಿ ಎಂಬ ಜೇನುನೊಣ, ಲೋಕದ ಪುಸ್ತಕಗಳನ್ನೆಲ್ಲ ಹೀರಿ ಲಾಭ ಮಾಡಿಕೊಳ್ಳುವ ಕಂಪನಿ ಮಾಲೀಕ. ಹಳೆಯ ಹಾಳೆಗಳನ್ನು ಒಂದೊಂದಾಗಿ ಹುಡುಕಿ ತರುವುದೇ ನಮ್ಮ ಕೆಲಸ.

ಪ್ರಶ್ನೆ: ತಂದಿರಿ. ಸಂಪಾದನೆ ಮಾಡದೆ ಅಚ್ಚಿಗೆ ಕೊಟ್ಟಿರಿ.

ಲೇಲಿ: ಏಯ್, ಏಳೋ ಊಸರವಳ್ಳಿ. ಇವರು ಇನ್ನೂ ಅಂಕ ಹೇಳಿಲ್ಲ, ಹೇಳುವ ಮೊದಲೇ ಹೊರಡೋಣ. ಜಕಾತಿ ನಾಕಾ ಹೇಗೂ ಮುಚ್ಚಿದೆ, 2024ರ ಅಕ್ಟೋಬರ್‌ನಿಂದ ಕಾರಿಗೆ ಟೋಲ್ ಕೂಡ ಇಲ್ಲವಂತೆ.