ಲಗ್ನಪತ್ರಿಕಾಲಂಕಾರ ಮೀಮಾಂಸೆ

ಮನುಷ್ಯನು ತನ್ನ ಮನೆಯ ಸಂತೋಷವನ್ನು ಊರಿಗೆಲ್ಲ ತಿಳಿಸುವುದಕ್ಕಾಗಿ ಕಂಡುಕೊಂಡಿರುವ ಉಪಾಯಗಳಲ್ಲಿ ಲಗ್ನಪತ್ರಿಕೆಗೆ ಎಣೆಯಾದುದು ಮತ್ತೊಂದಿಲ್ಲ. ಅದರ ಮುಹೂರ್ತವನ್ನು ಕುರಿತು ಜೋಯಿಸರೂ, ಅದರ ಖರ್ಚನ್ನು ಕುರಿತು ಹೆಣ್ಣು ಹೆತ್ತವರೂ ಯಥೇಚ್ಛವಾಗಿ ಚಿಂತಿಸಿದ್ದಾರೆ. ಆದರೆ ಅದರ ಅಲಂಕಾರವನ್ನು ಕುರಿತು, ಎಂದರೆ ಪ್ರೆಸ್ಸಿನವನು ಮುಂದಿಡುವ ದಪ್ಪನೆಯ ಆಲ್ಬಮ್ಮಿನಿಂದ ಒಂದು ಮಾದರಿಯನ್ನು ಆರಿಸಿ ಅದರೊಳಕ್ಕೆ ತನ್ನ ಮನೆಯ ‘ಮ್ಯಾಟರ’ನ್ನು ತುಂಬಿಸುವ ವಿದ್ಯೆಯನ್ನು ಕುರಿತು, ನಮ್ಮ ಪೂರ್ವಸೂರಿಗಳು ಒಂದು ಗ್ರಂಥವನ್ನಾದರೂ ರಚಿಸದೆ ಹೋದುದು ಕನ್ನಡ ಶಾಸ್ತ್ರಸಾಹಿತ್ಯದ ಶೋಚನೀಯವಾದ ಕೊರತೆಯೆಂದೇ ಹೇಳಬೇಕಾಗಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವ್ಯದ ದೋಷಗಳನ್ನು ಎಣಿಸಿತೇ ಹೊರತು ಕಾರ್ಡಿನ ದೋಷಗಳನ್ನು ಎಣಿಸಲಿಲ್ಲ. ಆ ಭಾರವು ಈ ಕಿರುಪ್ರಬಂಧದ ಮೇಲೆ ಬಿದ್ದಿದೆ.

ಶಾಸ್ತ್ರಗ್ರಂಥಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳು ಅವಶ್ಯಕವಷ್ಟೆ. ಛತ್ರಕ್ಕೆ ಮುಂಗಡ ತೆತ್ತು, ಅಡಿಗೆಯವರಿಗೆ ವೀಳ್ಯ ಕೊಟ್ಟು, ಕಾರ್ಡು ಮಾತ್ರ ಇನ್ನೂ ಆಗಿಲ್ಲದ ಕಾರಣ ನೆಂಟರ ಬೀದಿಯಲ್ಲಿ ನಡೆಯಲು ಅಂಜುತ್ತಿರುವ ಗೃಹಸ್ಥನೇ ಇಲ್ಲಿ ಅಧಿಕಾರಿ; ಕಾರ್ಡಿನ ಮಾದರಿಯೇ ವಿಷಯ; ಬೀಗರೊಡನೆ ಉಳಿಸಿಕೊಳ್ಳಬೇಕಾದುದೇ ಸಂಬಂಧ; ಮದುವೆಯಾದ ಮೇಲೂ ಯಾರೊಬ್ಬರೂ ಮಾತು ಬಿಡದಿರುವುದೇ ಪ್ರಯೋಜನ. ಇನ್ನು ಕ್ಷೇತ್ರವಾದರೋ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ತನ್ನದೇ ಸಂಸಾರ ಹೂಡಿದ ಮಂಡ್ಯ ಜಿಲ್ಲೆಯೊಳಗಿನ ಮಂಡ್ಯ, ಮದ್ದೂರು, ಮಳವಳ್ಳಿಗಳೆಂಬ ಮಕಾರತ್ರಯ.

ಲಗ್ನಪತ್ರಿಕೆಯ ಇತಿಹಾಸದಲ್ಲಿ ಮೂರು ಯುಗಗಳುಂಟು. ಮೊದಲನೆಯದು ಅಚ್ಚುಮೊಳೆಯ ಯುಗ. ಟ್ರೆಡಲ್ ಯಂತ್ರವನ್ನು ಕಾಲಿನಿಂದ ತುಳಿದು ಅಚ್ಚುಮಾಡುತ್ತಿದ್ದ ಆ ಕಾಲದಲ್ಲಿ ಕಾಗದವು ಹಳದಿಯೋ ಗುಲಾಬಿಯೋ ಎಂಬಷ್ಟರಲ್ಲಿಯೇ ಅಲಂಕಾರಜಿಜ್ಞಾಸೆಯು ಪರಿಸಮಾಪ್ತಿಗೊಳ್ಳುತ್ತಿತ್ತು. ಗಣಪತಿಯ ಬ್ಲಾಕು ಪ್ರೆಸ್ಸಿಗೆ ಒಂದೇ ಇದ್ದುದರಿಂದ ಸಕಲ ಜಾತಿ ಮತಸ್ಥರ ಗಣಪತಿಗೂ ಒಂದೇ ಸೊಂಡಿಲು. ಎರಡನೆಯದು ಶಿವಕಾಶಿಯ ಯುಗ. 1922ರಲ್ಲಿ ಷಣ್ಮುಗ ನಾಡಾರ್, ಅಯ್ಯ ನಾಡಾರ್ ಎಂಬಿಬ್ಬರು ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ತಯಾರಿಸುವುದನ್ನು ಕಲಿತು ಬಂದರು. ಕಡ್ಡಿಗೆ ಪೊಟ್ಟಣವೂ, ಪೊಟ್ಟಣಕ್ಕೆ ಬಣ್ಣದ ಚೀಟಿಯೂ, ಚೀಟಿಗೆ ಮುದ್ರಣಾಲಯವೂ, ಮುದ್ರಣಾಲಯಕ್ಕೆ ವರ್ಷವಿಡೀ ಕೆಲಸವೂ ಬೇಕಾಗಿ ಬಂದು, ಈ ಕಾರ್ಯಕಾರಣ ಪರಂಪರೆಯ ತುದಿಯಲ್ಲಿ ಕ್ಯಾಲೆಂಡರೂ ಮದುವೆಯ ಕಾರ್ಡೂ ಅವತರಿಸಿದವು. ಬೆಂಕಿಪೊಟ್ಟಣಕ್ಕೂ ವಿವಾಹಕ್ಕೂ ಇರುವ ಈ ಐತಿಹಾಸಿಕ ನಂಟಿನಿಂದ ಅಪಾರ್ಥ ಕಲ್ಪಿಸುವವರಿಗೆ ಪ್ರಸ್ತುತ ಲೇಖಕನು ಹೊಣೆಯಲ್ಲ. ಮುಂಬಯಿಯಲ್ಲಿ 1894ರಲ್ಲಿ ಆರಂಭವಾಗಿ ತರುವಾಯ ಲೋಣಾವಳದ ಬಳಿಯ ಮಳವಳಿಗೆ ಸ್ಥಳಾಂತರಗೊಂಡ ರವಿವರ್ಮನ ಚಿತ್ರಮುದ್ರಣಾಲಯವು ಲಕ್ಷ್ಮೀಸರಸ್ವತಿಯರಿಗೆ ಕೊಟ್ಟ ಮುಖಲಕ್ಷಣವೂ ಈ ಕಾರ್ಡುಗಳಲ್ಲಿ ಉಳಿದುಬಂದಿದೆ. ಈ ಮಳವಳಿಯನ್ನು ನಮ್ಮ ಮಳವಳ್ಳಿಯೆಂದು ಭ್ರಮಿಸಿ ವಿಚಾರಸಂಕಿರಣ ಏರ್ಪಡಿಸುವ ಉತ್ಸಾಹ ಯಾರಿಗಾದರೂ ಮೂಡಿದ್ದಲ್ಲಿ ಅದನ್ನು ಈಗಲೇ ಶಮನಗೊಳಿಸತಕ್ಕದ್ದು. ಮೂರನೆಯದು ಮೊಬೈಲಿನ ಯುಗ. ಇದರಲ್ಲಿ ಹೂವು ತಾನಾಗಿ ಉದುರುತ್ತದೆ, ವಾಲಗವು ತಾನಾಗಿ ನುಡಿಯುತ್ತದೆ, ಮತ್ತು ‘ಮನೆಗೆ ಬಂದು ಕರೆಯಲಿಲ್ಲ’ ಎಂಬ ಆಕ್ಷೇಪವೂ ತಾನಾಗಿಯೇ ಹುಟ್ಟುತ್ತದೆ.

ಇನ್ನು ಲಕ್ಷಣವಿಚಾರ. ಕಾರ್ಡುಗಳು ಸ್ಥೂಲವಾಗಿ ನಾಲ್ಕು ವಿಧ. ಮಡಿಕೆಯಿಲ್ಲದ ಏಕಪತ್ರವು ಸಾತ್ತ್ವಿಕ. ಬಾಗಿಲಿನಂತೆ ಎರಡು ಕಡೆಗೂ ತೆರೆದುಕೊಂಡು ನಡುವೆ ಚಿನ್ನದ ಬಣ್ಣದ ನವಿಲನ್ನು ತೋರಿಸುವುದು ರಾಜಸ. ಮಖಮಲ್ಲಿನ ಪೆಟ್ಟಿಗೆಯೊಳಗೆ ಒಣದ್ರಾಕ್ಷಿ ಗೋಡಂಬಿಗಳ ಪಕ್ಕದಲ್ಲಿ ಪವಡಿಸಿರುವುದು ತಾಮಸ. ರಾಜಾಜ್ಞೆಯ ಓಲೆಯಂತೆ ಸುರುಳಿ ಸುತ್ತಿದ್ದು, ಬಿಚ್ಚಿದೊಡನೆ ಮತ್ತೆ ಸುತ್ತಿಕೊಳ್ಳುವುದರಿಂದ ಓದಲು ಇಬ್ಬರು ಬೇಕಾಗುವುದು ಗುಣಾತೀತ. ಇವುಗಳಲ್ಲಿ ಯಾವ ಮನೆತನಕ್ಕೆ ಯಾವುದು ಸಲ್ಲುವುದೆಂಬುದೇ ಪ್ರಶ್ನೆ.

ಇಲ್ಲಿ ನಾಲಾವಾದಿಗಳೆಂಬ ಪೂರ್ವಪಕ್ಷಿಗಳು ಹೀಗೆನ್ನುತ್ತಾರೆ: ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗವನ್ನು ದಾಟಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾದಂದಿನಿಂದ ಕಾರ್ಡಿನ ದಪ್ಪವು ಕಬ್ಬಿನ ಬಿಲ್ಲನ್ನು ಅನುಸರಿಸುತ್ತದೆ. ಆದಕಾರಣ ನಾಲೆಯ ಮೇಲ್ಭಾಗದಲ್ಲಿ ಪೆಟ್ಟಿಗೆಯೂ, ನಡುವೆ ಬಾಗಿಲುಕಾರ್ಡೂ, ನೀರು ತಲಪುವುದೇ ದುಸ್ತರವಾದ ಮಳವಳ್ಳಿಯ ಕೊನೆಯ ಭಾಗದಲ್ಲಿ ಏಕಪತ್ರವೂ ದೊರೆಯತಕ್ಕದ್ದು. ಈ ವಾದವು ಕೇಳಲು ಸುಂದರವಾಗಿದ್ದರೂ ನಿಲ್ಲತಕ್ಕದ್ದಲ್ಲ. ಏಕೆಂದರೆ ನೀರು ನಾಲೆಯ ಕೊನೆಯನ್ನು ತಲಪದಿದ್ದರೂ ಸಾಲವು ತಲಪುತ್ತದೆ. ನೀರಿನ ಗತಿಗೆ ತೂಬುಗಳ ತಡೆಯುಂಟು, ಪ್ರತಿಷ್ಠೆಯ ಗತಿಗೆ ಅಂಥ ತಡೆಯಿಲ್ಲ. ಬಿಲ್ಲು ಬಾಕಿಯಿರುವ ವರ್ಷದಲ್ಲಿಯೇ ಅತ್ಯಂತ ದಪ್ಪನೆಯ ಕಾರ್ಡು ಹೊರಡುವುದನ್ನು ಕಂಡವರು ಈ ವಾದವನ್ನು ಸ್ವಯಂ ಕೈಬಿಡುವರು.

ಇದಕ್ಕೆ ಪ್ರತಿಯಾಗಿ ಮದ್ದೂರಿನ ಸರಳವಾದಿಗಳು, 1917ರಲ್ಲಿ ರಾಮಚಂದ್ರ ಬುದ್ಯರು ರೈಲು ನಿಲ್ದಾಣದಲ್ಲಿ ಮಾರತೊಡಗಿದ ವಡೆಯನ್ನು ನಿದರ್ಶನವಾಗಿ ಎತ್ತಿಹಿಡಿದು, ಅದು ನವಿಲಿನ ಚಿತ್ರವನ್ನಾಗಲಿ ರೇಷ್ಮೆದಾರವನ್ನಾಗಲಿ ಅಪೇಕ್ಷಿಸದೆ ಚಪ್ಪಟೆಯಾಗಿಯೇ ಕೀರ್ತಿವಂತವಾಗಿರುವಂತೆ ಕಾರ್ಡೂ ಇರಬೇಕೆನ್ನುತ್ತಾರೆ. ಉಪಮಾನವು ರುಚಿಕರವಾದುದೇನೋ ಹೌದು; ಆದರೆ ವಡೆಯ ಮೇಲೆ ಸೋದರಮಾವನ ಹೆಸರನ್ನು ಅಚ್ಚುಹಾಕಿಸಬೇಕಾದ ಪ್ರಸಂಗ ಯಾರಿಗೂ ಒದಗಿಲ್ಲವೆಂಬುದನ್ನು ಅವರು ಮರೆತಿದ್ದಾರೆ.

ಈಗ ಪ್ರಯೋಗಖಂಡ. ಆಲ್ಬಮ್ಮಿನ ಮುಂದೆ ಮನೆಯವರೆಲ್ಲ ಕುಳಿತೊಡನೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿ, ಕೆನೆಬಣ್ಣದ ಕಾಗದದ ಮೂಲೆಯಲ್ಲಿ ಒಂದೇ ಒಂದು ಎಲೆಯನ್ನೂ, ಒಂದೇ ಗೆರೆಯಲ್ಲಿ ಬರೆದ ಗಣಪತಿಯನ್ನೂ ಹೊತ್ತ ಮಾದರಿಯನ್ನು ಎತ್ತಿಕೊಳ್ಳುತ್ತಾಳೆ. ದೊಡ್ಡಪ್ಪನವರು ಅದನ್ನು ತೋಳಿನುದ್ದಕ್ಕೆ ಹಿಡಿದು ನೋಡಿ, “ಇದೇನವ್ವಾ, ತಿಥಿ ಕಾರ್ಡಿದ್ದಂಗದೆ!” ಎನ್ನುತ್ತಾರೆ. “ಗಣಪ್ಪನ್ ಕಣ್ಣೇ ಕಾಣಕಿಲ್ವಲ್ಲ, ಬರೀ ಗೀಟು” ಎಂದು ಅಜ್ಜಿಯ ಅನುಮೋದನೆ. ಪ್ರೆಸ್ಸಿನವನು ಉಭಯಪಕ್ಷಗಳ ಮರ್ಯಾದೆಯನ್ನೂ ಕಾಯತಕ್ಕವನಾದುದರಿಂದ, “ಬೆಂಗ್ಳೂರ್ ಕಡೆ ಈಗ ಇದೇ ಓಡ್ತಿರದು ಗೌಡ್ರೇ, ನಮ್ ಕಡೀಕೆ ಕೆಂಪು ಬೇಕು ಅನ್ನಿ” ಎಂದು ಸ್ಯಾದ್ವಾದವನ್ನು ಆಶ್ರಯಿಸುತ್ತಾನೆ. ಕಾಫಿ ಬರುತ್ತದೆ. ಮುಂದಿನ ಆಲ್ಬಮ್ಮು ತೆರೆಯುತ್ತದೆ. ಕಡೆಗೆ ಯಾರೊಬ್ಬರೂ ಮೊದಲು ಬಯಸದಿದ್ದ, ಯಾರೊಬ್ಬರೂ ಬಲವಾಗಿ ವಿರೋಧಿಸದ, ಕುಂಕುಮಬಣ್ಣದ ಮೇಲೆ ನವಿಲುಗಳೆರಡು ಕತ್ತು ಚಾಚಿರುವ ಮಾದರಿಯು ಅಂಗೀಕೃತವಾಗುತ್ತದೆ; ಲೋಕದ ಬಹುಪಾಲು ಸಂವಿಧಾನಗಳು ಅಂಗೀಕಾರವಾಗಿರುವ ಕ್ರಮವೂ ಇದೇ.

ಮಾದರಿಯನ್ನು ಆರಿಸುವುದು ಸುಲಭ, ಅನ್ವಯಿಸುವುದು ದುಷ್ಕರ. ನೆತ್ತಿಯ ಮೇಲೆ ಮನೆದೇವರ ಹೆಸರು ಬರಬೇಕು. ಗಂಡಿನ ಕಡೆಯವರು ಮುತ್ತತ್ತಿಯ ಆಂಜನೇಯನ ಒಕ್ಕಲಾಗಿ, ಹೆಣ್ಣಿನ ಕಡೆಯವರು ಮದ್ದೂರಿನ ಉಗ್ರನರಸಿಂಹನ ಒಕ್ಕಲಾಗಿ, ತಾಯಿಯ ತವರಿನವರು ಬೊಪ್ಪೇಗೌಡನಪುರದ ಮಂಟೇಸ್ವಾಮಿಗೆ ನಡೆದುಕೊಳ್ಳುವವರಾಗಿ, ಎಲ್ಲರೂ ಒಟ್ಟಾಗಿ ಆದಿಚುಂಚನಗಿರಿಯ ಕಾಲಭೈರವನಿಗೆ ಭಕ್ತರಾಗಿರುವಾಗ, ಶಿವಕಾಶಿಯ ಕಲಾವಿದನು ಒಬ್ಬನೇ ಗಣಪತಿಗೆಂದು ಬಿಟ್ಟ ಎರಡಂಗುಲದ ಜಾಗದಲ್ಲಿ ಇಷ್ಟು ದೇವತೆಗಳು ಮೊಣಕೈ ತಗಲದಂತೆ ಕುಳಿತುಕೊಳ್ಳಬೇಕಾಗುತ್ತದೆ. ಅದರ ಕೆಳಗೆ ಪದವಿಸಮೇತರಾದ ವಧೂವರರು. ಅದರ ಕೆಳಗೆ ಆಗಮನಾಭಿಲಾಷಿಗಳು, ಇವರಲ್ಲಿ ಒಬ್ಬರನ್ನು ಬಿಟ್ಟರೂ ಮೂರು ತಲೆಮಾರು ನೆನಪಿರುತ್ತದೆ. ತಳದಲ್ಲಿ, ಇನ್ನೂ ಅಕ್ಷರ ಕಲಿಯದ ಮಕ್ಕಳು ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಅಚ್ಚಿನಲ್ಲಿ ಕರೆಯುತ್ತಾರೆ. ಹೆಸರುಗಳು ಹೆಚ್ಚಿದಷ್ಟೂ ಅಕ್ಷರವು ಕುಗ್ಗುತ್ತದೆ. ಅಕ್ಷರವು ಕುಗ್ಗಿದಷ್ಟೂ ಸಂಬಂಧವು ದೂರದ್ದಾಗುತ್ತದೆ. ಎರಡನೆಯ ಪ್ರೂಫು ಬರುವ ಹೊತ್ತಿಗೆ ನವಿಲುಗಳು ಭಾವಮೈದಂದಿರ ಹಿಂದೆ ಮರೆಯಾಗಿರುತ್ತವೆ. ಕಟ್ಟಕಡೆಗೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದಾಗ, ಚಿನ್ನದ ಬಣ್ಣದ ಅಂಚಿಗಾಗಿ ತೆತ್ತ ಹೆಚ್ಚಿನ ಹಣವು ಶಾಸ್ತ್ರೋಕ್ತವಾಗಿ ಮುಚ್ಚಿಹೋಗುತ್ತದೆ.

‘ಹಾಗಾದರೆ ಅಲಂಕಾರವೇ ಬೇಡವಷ್ಟೆ, 1966ರಲ್ಲಿ ಕುವೆಂಪು ತಮ್ಮ ಮಗನ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ವಿಧಾನದಲ್ಲಿ ನೆರವೇರಿಸಲಿಲ್ಲವೆ?’ ಎಂದು ಶಂಕಿಸಿದರೆ, ನೆರವೇರಿಸಿದುದು ಸತ್ಯ. ಆದರೆ ಮಹಾಕವಿಯ ಮನೆಯಿಂದ ಬಂದ ಬರಿಯ ಕಾಗದವೂ ಕಾಗದವೇ ಅಲ್ಲದ್ದರಿಂದ, ಆ ದೃಷ್ಟಾಂತವು ಸಾಧಾರಣ ಗೃಹಸ್ಥರಿಗೆ ಅನ್ವಯಿಸುವುದಿಲ್ಲವೆಂದು ನಮ್ಮ ದೊಡ್ಡಪ್ಪಂದಿರು ನಿರ್ಣಯಿಸಿದ್ದಾರೆ.

ಸಿದ್ಧಾಂತವು ಹೀಗಿದೆ. ಕಾರ್ಡಿನ ಅಲಂಕಾರವು ಪಡೆಯುವವನಿಗಾಗಿ ಅಲ್ಲ, ಆರಿಸುವವರಿಗಾಗಿ. ಪಡೆಯುವವನು ತನ್ನ ಹೆಸರಿನ ಹಿಂದೆ ‘ಶ್ರೀ’ ಇದೆಯೇ, ಮುಹೂರ್ತವೆಂದು, ಛತ್ರವೆಲ್ಲಿ ಎಂಬುದಷ್ಟನ್ನೇ ನೋಡಿ ಅದನ್ನು ಟಿವಿಯ ಹಿಂದಕ್ಕೆ ಸೇರಿಸುತ್ತಾನೆ. ಆರಿಸುವವರಾದರೋ, ಆ ಒಂದು ಮಧ್ಯಾಹ್ನದಲ್ಲಿ, ಈ ಮದುವೆಯಲ್ಲಿ ಯಾರ ಮಾತು ಎಷ್ಟರಮಟ್ಟಿಗೆ ನಡೆಯತಕ್ಕದ್ದೆಂಬುದನ್ನು ಜಗಳವಾಡದೆ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಅಜ್ಜಿಯ ಗಣಪತಿಗೆ ಕಣ್ಣು ಬಂದಿತು, ಹುಡುಗಿಯ ಎಲೆ ಲಕೋಟೆಯ ಮೇಲಾದರೂ ಉಳಿಯಿತು, ದೊಡ್ಡಪ್ಪನವರನ್ನು ಕೇಳಿದಂತಾಯಿತು. ಆದುದರಿಂದ ಮಾದರಿಯನ್ನು ಆರಿಸುವುದು ಚಪ್ಪರಕ್ಕೂ ಮೊದಲು ನಡೆಯುವ ಶಾಸ್ತ್ರವೆಂದು ತಿಳಿಯತಕ್ಕದ್ದು.

ಇದಕ್ಕೆ ಪ್ರಮಾಣಗಳೆರಡು. ಮೊದಲನೆಯದು ಅರ್ಥಾಪತ್ತಿ: ಬೀಗರೂಟದ ಚೀಟಿಗೆ ನವಿಲಿಲ್ಲ, ದಾರವಿಲ್ಲ, ಲಕೋಟೆಯೂ ಇಲ್ಲ, ಆದರೂ ಅಲ್ಲಿಗೆ ಕರೆದವರು ಬರುತ್ತಾರೆ, ಕರೆಯದವರೂ ಬರುತ್ತಾರೆ, ಮುಹೂರ್ತಕ್ಕೆ ಬಾರದವರು ಮೊದಲ ಪಂಕ್ತಿಯಲ್ಲಿಯೇ ಕಾಣಸಿಗುತ್ತಾರೆ. ಆದಕಾರಣ ಜನರನ್ನು ಎಳೆದುತರುವ ಶಕ್ತಿಯು ಕಾರ್ಡಿನ ಚಿತ್ರದಲ್ಲಿಲ್ಲ, ಮಾಂಸದ ಸಾರಿನಲ್ಲಿದೆ ಎಂದು ಊಹಿಸದೆ ಗತ್ಯಂತರವಿಲ್ಲ. ಎರಡನೆಯದು ಅನುಪಲಬ್ಧಿ: ಅಷ್ಟು ಚರ್ಚೆಯಾಗಿ ಗೊತ್ತಾದ ಮಾದರಿಯನ್ನು ಕುರಿತು ಪ್ರೆಸ್ಸಿನವನು ಮಾರನೆಯ ದಿನ ಫೋನು ಮಾಡಿ, “ಆ ನವಿಲು ಸ್ಟಾಕಿಲ್ಲ ಕನಣ್ಣ, ಅದ್ರಂಗೇ ಇರೋ ಆನೇದು ಹಾಕ್ಬುಡ್ಲಾ?” ಎನ್ನುತ್ತಾನೆ, ಗೃಹಸ್ಥನು ಛತ್ರದವನೊಡನೆ ಜಗಳದಲ್ಲಿರುವಾಗ “ಹಾಕ್ಬುಡು” ಎನ್ನುತ್ತಾನೆ, ಆನೆಗಳೇ ಅಚ್ಚಾಗಿ ಬಂದು, ಊರೂರಿಗೆ ಹಂಚಲ್ಪಟ್ಟು, ಮದುವೆಯೂ ಸಾಂಗವಾಗಿ ಜರುಗುತ್ತದೆ. ನವಿಲುಗಳಿಲ್ಲದಿರುವುದನ್ನು ಮನೆಯಲ್ಲಿ ಒಬ್ಬರಾದರೂ ಗಮನಿಸಿರುವುದಿಲ್ಲ.

ಇನ್ನು ಫಲಶ್ರುತಿ. ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ಅವಿವಾಹಿತನು ಮಾದರಿಯ ವಿಷಯದಲ್ಲಿ ಅಭಿಪ್ರಾಯವಿಲ್ಲದವನಾಗುವನು. ಹೆಣ್ಣು ಹೆತ್ತವನು ಪೆಟ್ಟಿಗೆಯ ಖರ್ಚನ್ನು ಉಳಿಸುವನು. ಪ್ರೆಸ್ಸಿನವನು ಆನೆಯ ಕಾರ್ಡನ್ನೇ ಮೊದಲಿಗೆ ತೋರಿಸುವನು. ದೊಡ್ಡಪ್ಪಂದಿರು ಇದನ್ನು ಓದತಕ್ಕದ್ದಲ್ಲ.