ನಿರ್ದೇಶಕ ಭಾಷ್ಯದ ಪ್ರಾಮಾಣ್ಯವಿಚಾರ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮುನ್ನ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಮೆಚ್ಚಿನ ಚಿತ್ರವನ್ನು ನಿರ್ದೇಶಕರ ವ್ಯಾಖ್ಯಾನ ಹಾಕಿಕೊಂಡು ನೋಡುವುದು. ಸಂಬಂಧ: ಡಿಸ್ಕ್‌ನ ಮೆನುವಿನಲ್ಲಿ ಒಂದು ಗುಂಡಿ ಒತ್ತಿದರೆ ಪಾತ್ರಗಳ ಮಾತು ತಗ್ಗಿ, ಅದರ ಮೇಲೆ ನಿರ್ದೇಶಕರ ಮಾತು ಏರುವುದು. ಅಧಿಕಾರಿ: ನಾಯಕ ಬಾಯಿ ತೆರೆಯುವ ಮೊದಲೇ ಸಂಭಾಷಣೆ ಒಪ್ಪಿಸುವಷ್ಟು ಸಲ ಆ ಚಿತ್ರ ನೋಡಿದವನು, ಅದೇ ಕಾರಣಕ್ಕೆ ಮನೆಯವರು ಯಾರೂ ಪಕ್ಕದಲ್ಲಿ ಕೂರದೆ, ಏಕಾಂತವು ತಪಸ್ಸಿಲ್ಲದೆ ಸಿದ್ಧಿಸಿದವನು. ನಾಲ್ಕನೆಯದಾದ ಪ್ರಯೋಜನವನ್ನು ವಿದ್ವಾಂಸರು ಇನ್ನೂ ಹುಡುಕುತ್ತಿರುವುದರಿಂದ ಸದ್ಯಕ್ಕೆ ಮುಂದೂಡಲಾಗಿದೆ.

ಈ ಶಾಸ್ತ್ರ ಹುಟ್ಟಿದ್ದು 1984ರಲ್ಲಿ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 1933ರ ‘ಕಿಂಗ್ ಕಾಂಗ್’ ಚಿತ್ರವನ್ನು ಲೇಸರ್ ಡಿಸ್ಕ್‌ನಲ್ಲಿ ತಂದಾಗ ಅದರಲ್ಲಿ ಒಂದು ಧ್ವನಿಪಥ ಬಿಡುವಾಗಿತ್ತು. ಖಾಲಿ ಜಾಗ ಕಂಡರೆ ಪಂಡಿತರು ಸುಮ್ಮನಿರುವವರಲ್ಲ. ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿ ಚಲನಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದ ರೊನಾಲ್ಡ್ ಹೇವರ್ ಆ ಜಾಗವನ್ನು ಮಾತಿನಿಂದ ತುಂಬಿದರು. ನಿರ್ದೇಶಕರಲ್ಲಿ ಮೆರಿಯನ್ ಕೂಪರ್ 1973ರಲ್ಲೂ ಅರ್ನೆಸ್ಟ್ ಶೂಡ್‌ಸ್ಯಾಕ್ 1979ರಲ್ಲೂ ತೀರಿಕೊಂಡಿದ್ದರಿಂದ ‘ನಾನು ಹಾಗೆ ಹೇಳಿಲ್ಲ’ ಎನ್ನುವವರು ಯಾರೂ ಉಳಿದಿರಲಿಲ್ಲ. ಮೂಲಕರ್ತೃವಿನ ಗೈರುಹಾಜರಿ ಭಾಷ್ಯಕ್ಕೆ ಎಷ್ಟು ಅನುಕೂಲವೆಂಬುದು ಬ್ರಹ್ಮಸೂತ್ರದ ಕಾಲದಿಂದಲೂ ಗೊತ್ತಿರುವ ಸಂಗತಿ. ‘ಸಿಟಿಜನ್ ಕೇನ್’ ಚಿತ್ರದ 2001ರ ಡಿವಿಡಿಯಲ್ಲಿ ರೋಜರ್ ಈಬರ್ಟ್ ಅವರದೊಂದು, ಪೀಟರ್ ಬೊಗ್ಡಾನೊವಿಚ್ ಅವರದೊಂದು, ಹೀಗೆ ಎರಡು ಭಾಷ್ಯಗಳಿವೆ. ಇಬ್ಬರ ಅನುಯಾಯಿಗಳು ಬೇರೆ ಬೇರೆ ಮಠ ಕಟ್ಟಿಕೊಂಡ ವರದಿಯಿಲ್ಲ.

ಗೊಂದಲ ಶುರುವಾದದ್ದು ಸೂತ್ರಕಾರನೇ ಭಾಷ್ಯಕ್ಕೆ ಕೂತ ಮೇಲೆ.

ಗಮಕದಲ್ಲಿ ವಾಚನಕಾರರು ಪದ್ಯ ಮುಗಿಸಿ ನಿಲ್ಲುವತನಕ ವ್ಯಾಖ್ಯಾನಕಾರರು ಕಾಯುತ್ತಾರೆ. ನಿರ್ದೇಶಕನಿಗೆ ಆ ಸೌಕರ್ಯವಿಲ್ಲ. ಅವನದೇ ಚಿತ್ರ ಅವನಿಗಾಗಿ ನಿಲ್ಲುವುದಿಲ್ಲ. ನಾಯಕ ಕೊನೆಯುಸಿರೆಳೆಯುವ ಹೊತ್ತಿಗೆ ಆತ ಹಿಂದಿನ ದೃಶ್ಯದ ಮಳೆಗೆ ಖರ್ಚಾದ ದುಡ್ಡಿನ ಲೆಕ್ಕದಲ್ಲಿರುತ್ತಾನೆ.

ಇನ್ನು ಪ್ರಮಾಣದ ಪ್ರಶ್ನೆ. ಪರದೆಯಲ್ಲಿ ಕಾಣುವುದು ಪ್ರತ್ಯಕ್ಷ, ಕಿವಿಗೆ ಬೀಳುವುದು ಆಪ್ತವಾಕ್ಯ. ಎರಡಕ್ಕೂ ಜಗಳ ಬಿದ್ದರೆ ಮಣೆ ಯಾವುದಕ್ಕೆ? 1972ರ ‘ದಿ ಗಾಡ್‌ಫಾದರ್’ ಇದಕ್ಕೆ ತಕ್ಕ ಉದಾಹರಣೆ. ಪರದೆಯ ಮೇಲೆ ನ್ಯೂಯಾರ್ಕನ್ನೇ ನಡುಗಿಸುವ ಡಾನ್. ಕಿವಿಯಲ್ಲಿ, ಸ್ಟುಡಿಯೋದವರು ಯಾವ ದಿನ ಕೆಲಸದಿಂದ ಕಿತ್ತುಹಾಕುತ್ತಾರೋ ಎಂದು ತಾನೇ ನಡುಗುತ್ತಿದ್ದ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಮರ್ಲನ್ ಬ್ರಾಂಡೋ ತೊಡೆಯ ಮೇಲಿನ ಬೆಕ್ಕು ಚಿತ್ರಕಥೆಯಲ್ಲಿ ಇರಲೇ ಇಲ್ಲ, ಸ್ಟುಡಿಯೋದಲ್ಲಿ ಅಲೆದುಕೊಂಡಿದ್ದದ್ದು ಎಂದು ತಿಳಿದ ಕ್ಷಣದಿಂದ ಅಧಿಕಾರಿಗೆ ಬ್ರಾಂಡೋ ಕಾಣುವುದಿಲ್ಲ, ಬೆಕ್ಕು ಮಾತ್ರ ಕಾಣುತ್ತದೆ. ಇಗರ್ಜಿಯ ದೀಕ್ಷಾಸ್ನಾನದ ದೃಶ್ಯದಲ್ಲಂತೂ ಅನರ್ಥವೇ ಆಗುತ್ತದೆ. ಕಥೆಯ ಪ್ರಕಾರ ಆ ಕೂಸು ಗಂಡು. ನಿಜದಲ್ಲಿ ಅದು ನಿರ್ದೇಶಕರ ಮಗಳು ಸೋಫಿಯಾ. ಮುಂದೆ 2003ರಲ್ಲಿ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ನಿರ್ದೇಶಿಸಿದಾಕೆ. ಡಾನ್‌ನ ಮಗ ಮೈಕಲ್‌ನ ಶತ್ರುಗಳು ಒಬ್ಬೊಬ್ಬರಾಗಿ ಗುಂಡಿಗೆ ಬಲಿಯಾಗುತ್ತಿರುವಾಗ ಅಧಿಕಾರಿಯು ಮಗುವಿನ ಮೂಗು ಅಪ್ಪನನ್ನು ಹೋಲುತ್ತದೆಯೇ ಎಂದು ಟಿವಿಯತ್ತ ಬಗ್ಗಿರುತ್ತಾನೆ. ಪ್ರತ್ಯಕ್ಷಕ್ಕೆ ಇಷ್ಟು ಹೀನಾಯ ಸೋಲು ಚಾರ್ವಾಕರನ್ನು ಸೋಲಿಸಿದವರ ಕೈಯಲ್ಲೂ ಆಗಿರಲಿಲ್ಲ.

ಎರಡಕ್ಕೂ ಜಗಳವೇ ಇಲ್ಲದ ಸಂದರ್ಭವೂ ಉಂಟು. 1990ರ ‘ಟೋಟಲ್ ರಿಕಾಲ್’ ಡಿಸ್ಕ್‌ನಲ್ಲಿ ನಿರ್ದೇಶಕ ಪಾಲ್ ವರ್ಹೋವನ್ ಜೊತೆ ಕೂತ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಪರದೆಯಲ್ಲಿ ತಾನು ಏನು ಮಾಡುತ್ತಿದ್ದೇನೋ ಅದನ್ನೇ ಬಾಯಲ್ಲೂ ಹೇಳುತ್ತಾ ಹೋಗುತ್ತಾರೆ. ಬೆಂಕಿ ಚಳಿಯನ್ನು ಕಳೆಯುತ್ತದೆ ಎಂಬಂಥ, ಮೊದಲೇ ತಿಳಿದದ್ದನ್ನು ತಿಳಿಸುವ ವಾಕ್ಯವನ್ನು ಮೀಮಾಂಸಕರು ಅನುವಾದವೆಂದು ಕರೆದು ಪ್ರಮಾಣದ ಪಂಕ್ತಿಯಿಂದ ಎಬ್ಬಿಸುತ್ತಾರೆ. ಆರ್ನಾಲ್ಡರನ್ನು ಎಬ್ಬಿಸುವ ಧೈರ್ಯ ಯಾವ ಮೀಮಾಂಸಕನಿಗಿದೆಯೋ ನೋಡಬೇಕು.

ಪೂರ್ವಪಕ್ಷಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡವರು ಸ್ಟೀವನ್ ಸೋಡರ್ಬರ್ಗ್. 1999ರ ‘ದಿ ಲೈಮಿ’ಯ ವ್ಯಾಖ್ಯಾನದಲ್ಲಿ ಚಿತ್ರಕಥೆ ಬರೆದ ಲೆಮ್ ಡಾಬ್ಸ್ ಅವರು ತಾನು ಬರೆದದ್ದನ್ನು ಎಲ್ಲೆಲ್ಲಿ ಕತ್ತರಿಸಿದಿರಿ ಎಂದು ನಿರ್ದೇಶಕರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಇಡೀ ಶಾಸ್ತ್ರದಲ್ಲಿ ನಿಜವಾದ ವಾದವೆಂದು ಒಪ್ಪಬಹುದಾದ ಗ್ರಂಥಗಳಲ್ಲಿ ಇದು ಮೊದಲ ಸಾಲಿನದು. ಉಳಿದವುಗಳಲ್ಲಿ ಬಹುಪಾಲು ‘ಈತ ಅದ್ಭುತ ನಟ, ಆಕೆ ಇನ್ನೂ ಅದ್ಭುತ’ ಎಂಬ ಮಂಗಳಾರತಿ.

ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಡೇವಿಡ್ ಲಿಂಚ್ ಆಲದ ಮರದಡಿಯ ದಕ್ಷಿಣಾಮೂರ್ತಿಯ ಸಂಪ್ರದಾಯದವರು. ಮೌನವೇ ಅವರ ವ್ಯಾಖ್ಯಾನ. ಲಿಂಚ್ ಅವರ ‘ಮಲ್‌ಹಾಲೆಂಡ್ ಡ್ರೈವ್’ ಡಿವಿಡಿಯಲ್ಲಿ ಅಧ್ಯಾಯ ವಿಭಾಗವೂ ಇರಲಿಲ್ಲ. ಬೇಕಾದ ದೃಶ್ಯಕ್ಕೆ ಹಾರುವಂತಿಲ್ಲ, ಮೊದಲಿನಿಂದ ಪಾರಾಯಣವೇ ಗತಿ. ಇದಕ್ಕೆ ವಿರುದ್ಧ ತುದಿಯಲ್ಲಿ ಪೀಟರ್ ಜಾಕ್ಸನ್ ಅವರ ‘ದಿ ಫೆಲೋಶಿಪ್ ಆಫ್ ದಿ ರಿಂಗ್’. ವಿಸ್ತೃತ ಆವೃತ್ತಿಯ ಉದ್ದ 208 ನಿಮಿಷ, ವ್ಯಾಖ್ಯಾನಗಳು ನಾಲ್ಕು. ಮೂಲವನ್ನೂ ಸೇರಿಸಿದರೆ 1040 ನಿಮಿಷ, ಅಂದರೆ 17 ಗಂಟೆ 20 ನಿಮಿಷ. ಇನ್ನೂ ಎರಡು ಭಾಗಗಳು ಬಾಕಿ.

ಆದರೆ ಪ್ರಸ್ಥಾನಗ್ರಂಥದ ಪಟ್ಟ ಸಲ್ಲಬೇಕಾದದ್ದು ಕೋಯೆನ್ ಸೋದರರ ‘ಬ್ಲಡ್ ಸಿಂಪಲ್’ ಡಿವಿಡಿಗೆ. ಚಿತ್ರ 1984ರದು, ಶಾಸ್ತ್ರ ಹುಟ್ಟಿದ ವರ್ಷದ್ದೇ. ಅದರಲ್ಲಿ ಭಾಷ್ಯ ಹೇಳುವವರು ಕೆನೆತ್ ಲೋರಿಂಗ್ ಎಂಬ ಪಂಡಿತರು. ಅವರ ಪ್ರಕಾರ, ಮಳೆಯಲ್ಲಿ ಕಾರು ಸಾಗುವ ದೃಶ್ಯವನ್ನು ನಟರು ತಲೆಕೆಳಗಾಗಿ, ಹಿಂದುಮುಂದಾಗಿ ಅಭಿನಯಿಸಿದರು, ನಾಯಿ ಯಂತ್ರದ್ದು, ನಟರ ಮೈಮೇಲಿನ ಬೆವರು ಪಾಲೊಮಿನೊ ಕುದುರೆಗಳ ಪಕ್ಕೆಯಿಂದ ಸಂಗ್ರಹಿಸಿದ್ದು. ಲೋರಿಂಗ್ ಎಂಬವರು ಲೋಕದಲ್ಲೇ ಇಲ್ಲ. ಮಾತು ಕೋಯೆನ್‌ರದು, ಕಂಠ ನಟ ಜಿಮ್ ಪಿಡಾಕ್ ಅವರದು.

ತರ್ಕಶಾಸ್ತ್ರದ ನಿಜವಾದ ಕಗ್ಗಂಟು ಇಲ್ಲಿದೆ. ‘ಗಾಡ್‌ಫಾದರ್’ನಲ್ಲಿ ಹಾಸಿಗೆಯ ಮೇಲೆ ಸಿಗುವ ಕುದುರೆಯ ತಲೆ ಅಸಲಿಯದು, ನಾಯಿಗಳ ಆಹಾರ ತಯಾರಿಸುವ ಕಾರ್ಖಾನೆಯಿಂದ ತಂದದ್ದು. ಕೇಳಿದವರಿಗೆ ಇದು ಸುಳ್ಳೆನಿಸುತ್ತದೆ. ಕುದುರೆಯ ಬೆವರು ಶುದ್ಧ ಸುಳ್ಳು; ಕೇಳಿದವರಿಗೆ ಅದೊಂದು ಮೇಕಪ್ ಕಲೆಯ ಗುಟ್ಟೆನಿಸುತ್ತದೆ. ಲೋರಿಂಗ್ ಇಲ್ಲವೇ ಇಲ್ಲವೆಂದು ಚೆನ್ನಾಗಿ ಬಲ್ಲ ಅಧಿಕಾರಿಯೂ ಆ ನಾಯಿ ಬಂದಾಗಲೆಲ್ಲ ರಿಮೋಟ್ ಒತ್ತಿ ನಿಲ್ಲಿಸುತ್ತಾನೆ; ಕುತ್ತಿಗೆಯ ಹತ್ತಿರ ಒಂದು ಸ್ಕ್ರೂ ಕಂಡಂತಾಗಿ, ಮತ್ತೆ ಹಿಂದಕ್ಕೋಡಿಸುತ್ತಾನೆ.