ಗ್ರಾಫ್ ರಾಯರು

ಪ್ರತಿ ಕ್ಯಾಮೆರಾ ಕ್ಲಬ್ಬಿನಲ್ಲೂ ಒಬ್ಬರು ಗ್ರಾಫ್ ರಾಯರು ಇದ್ದೇ ಇರುತ್ತಾರೆ. ಉಳಿದವರು ನಸುಕಿನಲ್ಲೆದ್ದು ರಂಗನತಿಟ್ಟಿನ ಕೊಕ್ಕರೆಗಳಿಗೆ ಕಾದು ಕೂತಿದ್ದರೆ, ಇವರು ಮನೆಯ ಗೋಡೆಗೆ ಅಂಟಿಸಿದ ಕಪ್ಪು ಚೌಕದ ಫೋಟೊ ತೆಗೆಯುತ್ತಿರುತ್ತಾರೆ. ಚೌಕ ಸುಮಾರು 5 ಡಿಗ್ರಿ ವಾಲಿರಬೇಕು. ಬಂದ ನೆಂಟರು ‘ಸೊಟ್ಟಗಿದೆಯಲ್ಲ’ ಎಂದು ಸರಿಮಾಡಲು ಕೈ ಹಾಕಿದರೋ, ‘ಮುಟ್ಟಬೇಡಿ, ಅದು ಐಎಸ್‌ಒ 12233!’ ಎಂದು ಅಡುಗೆಮನೆಗೂ ಕೇಳುವಂತೆ ಕೂಗುತ್ತಾರೆ.

ತೀಕ್ಷ್ಣತೆ ಅಳೆಯುವ ಈ ಮಾನದಂಡದಲ್ಲಿ ಚೌಕ ಸೊಟ್ಟಗಿರುವುದಕ್ಕೆ ಕಾರಣವಿದೆ. ವಾಲಿದ ಅಂಚು ಒಂದೊಂದು ಸಾಲಿನಲ್ಲೂ ಪಿಕ್ಸೆಲ್ಲನ್ನು ಒಂದೊಂದು ಜಾಗದಲ್ಲಿ ದಾಟುತ್ತದೆ. ಅವನ್ನೆಲ್ಲ ಕೂಡಿಸಿ, ಕಪ್ಪು ಎಷ್ಟು ಬೇಗ ಬಿಳಿಯಾಯಿತು ಎಂಬುದನ್ನು ತಂತ್ರಾಂಶ ಪಿಕ್ಸೆಲ್ಲಿಗಿಂತ ಸೂಕ್ಷ್ಮವಾಗಿ ಅಳೆಯುತ್ತದೆ. ವಿವರ ಸಣ್ಣದಾಗುತ್ತ ಹೋದಂತೆ ಕಾಂಟ್ರಾಸ್ಟ್ ಅರ್ಧಕ್ಕಿಳಿಯುವ ಜಾಗವೇ ಎಂಟಿಎಫ್ 50. ಇಲ್ಲಿಯವರೆಗೆ ವಿಜ್ಞಾನ. ರಾಯರ ಪ್ರತಿಭೆ ಅರಳುವುದು ಇದಾದ ಮೇಲೆ, ಗ್ರಾಫಿನ ಸೆಟ್ಟಿಂಗ್ಸ್‌ನಲ್ಲಿ.

ತಮ್ಮ ಲೆನ್ಸಾದರೆ ನಿಂತ ಅಕ್ಷ ಸೊನ್ನೆಯಿಂದ ಶುರು. ಮಧ್ಯದಿಂದ ಮೂಲೆಗೆ ಹೋಗುವಾಗ ಗೆರೆ ಹಿರಿಯರಿಗೆ ತಲೆ ಬಾಗಿಸಿದಷ್ಟು ಮಾತ್ರ ಇಳಿಯುತ್ತದೆ. ಸ್ನೇಹಿತರ ಲೆನ್ಸಾದರೆ ‘ಆಟೋ ಸ್ಕೇಲ್’ಗೆ ಟಿಕ್, ಅಷ್ಟೇ ಇಳಿತ ಜೋಗದ ಗುಂಡಿಗೆ ಬಿದ್ದಂತೆ ಕಾಣುತ್ತದೆ. ಅಳತೆಯ ಮಾನವನ್ನೂ ಹಾಗೆಯೇ ಆರಿಸುತ್ತಾರೆ. 6000×4000 ಪಿಕ್ಸೆಲ್ಲಿನ ಚಿತ್ರದಲ್ಲಿ ಪಿಕ್ಸೆಲ್ಲಿಗೆ 0.25 ಸೈಕಲ್ ಎಂದರೂ, ಚಿತ್ರದ ಎತ್ತರಕ್ಕೆ 2000 ಗೆರೆ ಎಂದರೂ ಒಂದೇ. ಸ್ನೇಹಿತರಿಗೆ 0.25, ತಮಗೆ 2000. ‘ನಿಮ್ಮದು ಸೊನ್ನೆ ಪಾಯಿಂಟ್ ಚಿಲ್ಲರೆ ಸ್ವಾಮಿ’ ಎಂದು ಮರುಗುವುದನ್ನು ನೋಡಬೇಕು!

ಕ್ಯಾಮೆರಾ ತಾನೇ ಶಾರ್ಪನ್ ಮಾಡಿದ ಜೆಪೆಗ್‌ನಲ್ಲಿ ಕಾಂಟ್ರಾಸ್ಟ್ ಗ್ರಾಫಿನ ಗೆರೆ ಕೆಲವೊಮ್ಮೆ 1ನ್ನೂ ದಾಟಿ ಉಬ್ಬುತ್ತದೆ. ಅಂದರೆ ಎದುರಿಗಿದ್ದ ಚೌಕಕ್ಕಿಂತ ಫೋಟೊದಲ್ಲೇ ಕಾಂಟ್ರಾಸ್ಟ್ ಜಾಸ್ತಿ! ರಾಯರು ತಬ್ಬಿಬ್ಬಾಗುವುದಿಲ್ಲ, ಅಕ್ಷದ ಗರಿಷ್ಠ ಮಿತಿಯನ್ನು 1ಕ್ಕೆ ಇಳಿಸುತ್ತಾರೆ, ಉಬ್ಬು ಚೌಕಟ್ಟಿನಾಚೆ ಮಾಯ. ಗೆರೆಯ ದಪ್ಪ, ಅಕ್ಷರದ ಗಾತ್ರ, ನೈಕ್ವಿಸ್ಟ್ ಮಿತಿ ತೋರಿಸುವ 0.5ರ ಕಡ್ಡಿ, ಇವಕ್ಕೆಲ್ಲ ಒಂದು ಭಾನುವಾರ. ಮೂರು ಆಯಾಮದ ಗ್ರಾಫಿನ ಬಣ್ಣಕ್ಕೆ ಇನ್ನೊಂದು.

‘ಏನ್ರೀ, ಪಾಪೂದು ನಾಮಕರಣದ ಫೋಟೊ ಕೇಳ್ತಿದ್ದಾರೆ ಬೀಗರು.’

‘ತೆಗೆದಿದೀನಲ್ಲೇ! ತೊಟ್ಟಿಲಿನ ಅಂಚು ಎಷ್ಟು ಚೆನ್ನಾಗಿ ಬಂದಿದೆ ನೋಡು.’

‘ಪಾಪು?’

‘ಪಾಪುವಿಗೆ ನೇರವಾದ ಅಂಚು ಎಲ್ಲಿದೆ?’

ಕಳೆದ ತಿಂಗಳು ಹಳೆಯ ಲೆನ್ಸೊಂದನ್ನು ಮಾರಲು ಹೊರಟರು. ಕೊಳ್ಳಲು ಬಂದ ಹುಡುಗ, ‘ಸಾರ್, ಇದರಲ್ಲಿ ತೆಗೆದಿದ್ದು ಒಂದು ಫೋಟೊ ತೋರಿಸಿ’ ಎಂದ. ರಾಯರು ಫೋಲ್ಡರ್ ತೆರೆದರು. ಚೌಕ. ಚೌಕ. ಎಡಕ್ಕೆ ವಾಲಿದ ಚೌಕ. ಬಾಗಿಲ ಚೌಕಟ್ಟು. ಮತ್ತೆ ಚೌಕ. ಹುಡುಗ ಬ್ಯಾಗು ಹೆಗಲಿಗೇರಿಸಿ ಎದ್ದೇಬಿಟ್ಟ. ಅಷ್ಟರಲ್ಲಿ ಪರದೆಯ ಮೇಲೆ ಮೂರು ಆಯಾಮದ ಗ್ರಾಫ್ ಬಂತು. ನಡುವೆ ಕೆಂಪು, ಸುತ್ತ ಹಳದಿ, ಮೂಲೆಯಲ್ಲಿ ನವಿಲುನೀಲಿ.

‘ಸಾರ್, ಈ ನೀಲಿ ಹೇಗೆ ಬರಿಸಿದ್ರಿ? ನಂದರಲ್ಲಿ ಬರೀ ಬೂದು ಬರುತ್ತೆ.’

ರಾಯರು ಇನ್ನೊಂದು ಕುರ್ಚಿ ಎಳೆದರು. ‘ಕೂತ್ಕೊಳಪ್ಪ. ಊಟ ಇಲ್ಲೇ ಮಾಡುವೆಯಂತೆ.’